ಬೀಪ್ ಬಂದ್ರೆ ಸೇಫ್ ಅಂತಲ್ಲ: ವೈರಿಂಗ್ ಟೆಸ್ಟ್ ಮೀಟರ್ ಆರಿಸೋದು, ಕ್ಯಾಲಿಬ್ರೇಟ್ ಮಾಡಿಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ಸಂಚಿಕೆ ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ವೈರಿಂಗ್ ಕೆಲಸಕ್ಕೆ ಇಳಿದಿರೋ ಹುಡುಗ ಹುಡುಗಿಯರಿಗೆ. ಮನೆ ಕಟ್ಟಿಸ್ತಾ ಇರೋರು, ಹಳೇ ಮನೆಗೆ ಹೊಸ ವೈರಿಂಗ್ ಮಾಡಿಸ್ತಾ ಇರೋರು ಕೂಡ ಕೇಳಿ. ಯಾಕಂದ್ರೆ ಕೊನೆಗೆ ಗೀಸರ್ ನಲ್ಲಿ ಮುಟ್ಟೋದು ನೀವೇ.

ಕೆಲಸ ಎಲ್ಲಾ ಮುಗೀತು, ಸ್ವಿಚ್ ಪ್ಲೇಟ್ ಹಾಕಿ ಆಯ್ತು ಅಂದುಕೊಳ್ಳಿ. ಮನೆಯವರು ಬಂದು ಕೇಳ್ತಾರೆ, ‘ಏನಪ್ಪಾ, ಎಲ್ಲಾ ಸರಿ ಇದ್ಯಾ?’ ನೀವು ‘ಸರಿ ಇದೆ ಸಾರ್, ಚೆಕ್ ಮಾಡಿದೀನಿ’ ಅಂತೀರಿ. ಈ ‘ಚೆಕ್ ಮಾಡಿದೀನಿ’ ಅನ್ನೋ ಮಾತಿನ ಹಿಂದೆ ಏನಿದೆ? ಯಾವ ಮೀಟರ್ ಇತ್ತು? ಅದು ಏನನ್ನ ಅಳೀತು? ಅದು ಹೇಳಿದ್ದು ನಿಜ ಅಂತ ನಿಮಗೆ ಹೇಗೆ ಗೊತ್ತು? ಇವತ್ತು ಮಾತಾಡೋದು ಈ ಮೂರು ಪ್ರಶ್ನೆಗಳ ಬಗ್ಗೆ.

ಬಲ್ಬ್ ಪೂರ್ತಿ ಉರೀತು, ಆದ್ರೆ?

ನಮ್ಮಲ್ಲಿ ಅರ್ಥಿಂಗ್ ನೋಡೋಕೆ ಎರಡು ವಿಧಾನ ತುಂಬಾ ಚಾಲ್ತಿಯಲ್ಲಿವೆ. ಒಂದು, ಮಲ್ಟಿಮೀಟರಲ್ಲಿ ಬೀಪ್ ಕೇಳೋದು. ಇನ್ನೊಂದು, ಹೋಲ್ಡರಿಗೆ 100 ವಾಟ್ ಬಲ್ಬ್ ಹಾಕಿ, ಒಂದು ವೈರ್ ಫೇಸಿಗೆ, ಇನ್ನೊಂದು ವೈರ್ ಅರ್ಥಿಗೆ ಕೊಡೋದು. ಬಲ್ಬ್ ಚೆನ್ನಾಗಿ ಉರಿದ್ರೆ ‘ಅರ್ಥಿಂಗ್ ಸೂಪರ್’ ಅಂತ ತೀರ್ಮಾನ.

ಮೊದಲು ಬೀಪ್ ನೋಡೋಣ. ಬೀಪ್ ಅಂದ್ರೆ ಸೊನ್ನೆ ಓಮ್ ಅಂತ ಅಲ್ಲ. ಎಷ್ಟೋ ಮಲ್ಟಿಮೀಟರುಗಳು 30 ಓಮ್, 50 ಓಮ್ ವರೆಗೂ ಬೀಪ್ ಮಾಡ್ತವೆ. ನಿಮ್ಮ ಮೀಟರ್ ಎಲ್ಲಿವರೆಗೆ ಬೀಪ್ ಮಾಡತ್ತೆ ಅನ್ನೋದು ಅದರ ಪುಸ್ತಕದಲ್ಲಿ ಬರೆದಿರತ್ತೆ, ಒಮ್ಮೆ ನೋಡಿ.

ಈಗ ಒಂದು ಲೆಕ್ಕ. ಗೀಸರಿನ ಅರ್ಥ್ ವೈರಲ್ಲಿ ಎಲ್ಲೋ ಜಾಯಿಂಟ್ ಸಡಿಲ ಇದೆ, ಅಲ್ಲಿ 30 ಓಮ್ ರೆಸಿಸ್ಟೆನ್ಸ್ ಕೂತಿದೆ. ಮೀಟರ್ ಬೀಪ್ ಅಂತು. ಮುಂದೊಂದು ದಿನ ಗೀಸರಿನ ಕಾಯಿಲ್ ಹಾಳಾಗಿ ಫೇಸ್ ಬಾಡಿಗೆ ತಾಗತ್ತೆ. 230 ವೋಲ್ಟನ್ನ 30 ಓಮಿಂದ ಭಾಗಿಸಿ, ಸುಮಾರು ಏಳೂವರೆ ಆಂಪ್. ಆ ಸರ್ಕ್ಯೂಟಿಗೆ ಇರೋದು 16 ಆಂಪ್ ಎಂಸಿಬಿ. ಏಳೂವರೆ ಆಂಪ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಟ್ರಿಪ್ ಆಗಲ್ಲ. ಹೆಚ್ಚುಕಮ್ಮಿ ಪೂರ್ತಿ ವೋಲ್ಟೇಜ್ ಆ ಸಡಿಲ ಜಾಯಿಂಟ್ ಮೇಲೇ ಬೀಳೋದ್ರಿಂದ ಗೀಸರಿನ ಬಾಡಿ 230 ವೋಲ್ಟಿಗೆ ಹತ್ತಿರದಲ್ಲೇ ನಿಂತಿರತ್ತೆ. ಆರ್‌ಸಿಸಿಬಿ ಇದ್ರೆ ಅದು ಟ್ರಿಪ್ ಆಗಿ ಕಾಪಾಡತ್ತೆ. ಹಳೇ ಮನೆ, ಆರ್‌ಸಿಸಿಬಿ ಇಲ್ಲ ಅಂದ್ರೆ? ಒದ್ದೆ ಕೈಯಲ್ಲಿ ನಲ್ಲಿ ತಿರುಗಿಸೋರ ಗತಿ ನೀವೇ ಯೋಚನೆ ಮಾಡಿ.

ಬಲ್ಬ್ ವಿಧಾನ ಇದಕ್ಕಿಂತ ಉತ್ತಮವೇನಲ್ಲ. 100 ವಾಟ್ ಬಲ್ಬ್ ಉರಿಯುವಾಗ ಅದರ ರೆಸಿಸ್ಟೆನ್ಸ್ ಸುಮಾರು 529 ಓಮ್. ಅದರ ಜೊತೆ ಆ 30 ಓಮ್ ಸೇರಿದ್ರೆ ಬಲ್ಬಿಗೆ ಕಮ್ಮಿ ಆಗೋದು ಬರೀ 12 ವೋಲ್ಟ್. 230ರ ಬದಲು 218 ಸಿಗತ್ತೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಬಲ್ಬ್ ಚೆನ್ನಾಗಿ ಉರಿಯತ್ತೆ, ಅರ್ಥಿಂಗ್ ಕೆಟ್ಟೇ ಇರತ್ತೆ.

ಇದಕ್ಕಿಂತ ಭಯಂಕರ ವಿಷಯ ಒಂದಿದೆ. ಅರ್ಥ್ ವೈರ್ ಎಲ್ಲೋ ಪೂರ್ತಿ ಕಟ್ ಆಗಿದ್ರೆ ಬಲ್ಬ್ ಉರಿಯಲ್ಲ, ನಿಜ. ಆದ್ರೆ ಆ ಹೊತ್ತಲ್ಲಿ ನೀವು ಬಲ್ಬ್ ಮೂಲಕ ಫೇಸನ್ನ ಅರ್ಥ್ ವೈರಿಗೆ ಕೊಟ್ಟಿದೀರಿ. ಆ ವೈರಿಗೆ ಸೇರಿದ ಫ್ರಿಜ್, ವಾಷಿಂಗ್ ಮೆಷಿನ್, ಮೋಟರ್, ಎಲ್ಲದರ ಮೈಯಲ್ಲೂ ಕರೆಂಟು. ಪಕ್ಕದ ರೂಮಲ್ಲಿ ಯಾರು ಏನನ್ನ ಮುಟ್ಕೊಂಡು ನಿಂತಿದಾರೋ ನಿಮಗೆ ಗೊತ್ತಿರಲ್ಲ. ಈ ಪದ್ಧತಿ ಬಿಟ್ಟುಬಿಡಿ.

ಒಂದೊಂದು ಮೀಟರ್ ಒಂದೊಂದು ಪ್ರಶ್ನೆ ಕೇಳತ್ತೆ

ಹಾಗಾದ್ರೆ ಏನು ಬೇಕು? ಒಂದು ಮನೆಯ ವೈರಿಂಗಿಗೆ ಮುಖ್ಯವಾಗಿ ಐದು ಪ್ರಶ್ನೆ ಕೇಳಬೇಕು. ಒಂದೊಂದಕ್ಕೂ ಬೇರೆ ಬೇರೆ ಟೆಸ್ಟ್.

ಮೊದಲನೇದು ಕಂಟಿನ್ಯೂಟಿ. ಅರ್ಥ್ ವೈರ್ ಬೋರ್ಡಿಂದ ಕೊನೇ ಸಾಕೆಟ್ ತನಕ ಗಟ್ಟಿಯಾಗಿ ತಲುಪಿದೆಯಾ? ಇಲ್ಲಿ ಬೀಪ್ ಬೇಡ, ಸಂಖ್ಯೆ ಬೇಕು. 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಒಂದು ಮೀಟರಿಗೆ ಸುಮಾರು 7.4 ಮಿಲಿಓಮ್ ಇರತ್ತೆ. 20 ಮೀಟರ್ ಓಟಕ್ಕೆ ಸುಮಾರು 0.15 ಓಮ್. ನಿಮ್ಮ ಮೀಟರ್ 0.15ರ ಆಸುಪಾಸು ತೋರಿಸಿದ್ರೆ ಸರಿ. 0.9 ತೋರಿಸಿದ್ರೆ ಎಲ್ಲೋ ಜಾಯಿಂಟ್ ಕೈಕೊಟ್ಟಿದೆ, ಹುಡುಕಬೇಕು. ಇಂಥ ಸಣ್ಣ ಓಮ್ ಅಳೆಯೋ ಮೀಟರ್ ಕನಿಷ್ಠ 200 ಮಿಲಿಆಂಪ್ ಕರೆಂಟ್ ಹರಿಸಿ ನೋಡಬೇಕು ಅಂತ ಐಇಸಿ 61557 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಹೇಳತ್ತೆ. ಮಾಮೂಲಿ ಮಲ್ಟಿಮೀಟರ್ ಹರಿಸೋದು ಅದರ ಒಂದು ಸಣ್ಣ ಪಾಲು ಮಾತ್ರ.

ಎರಡನೇದು ಇನ್ಸುಲೇಶನ್. ಇದನ್ನ ನಾವೆಲ್ಲ ‘ಮೆಗ್ಗರ್ ಹಾಕೋದು’ ಅಂತೀವಿ. ಮೆಗ್ಗರ್ ಅನ್ನೋದು ನಿಜಕ್ಕೂ ಒಂದು ಬ್ರ್ಯಾಂಡಿನ ಹೆಸರು, 1903ರಲ್ಲೇ ಇಂಗ್ಲೆಂಡಲ್ಲಿ ನೋಂದಣಿ ಆಗಿದ್ದು. ಜೆರಾಕ್ಸ್ ಅನ್ನೋ ಹಾಗೆ ಅದೇ ಹೆಸರು ಎಲ್ಲದಕ್ಕೂ ಅಂಟಿಕೊಂಡಿದೆ. ಇದು 500 ವೋಲ್ಟ್ ಡಿಸಿ ಕೊಟ್ಟು ವೈರಿನ ಹೊದಿಕೆ ತಡೀತಾ ಇದೆಯಾ ಅಂತ ನೋಡತ್ತೆ. ಮನೆ ವೈರಿಂಗಿಗೆ ಕನಿಷ್ಠ 1 ಮೆಗಾಓಮ್ ಇರಲೇಬೇಕು. ಹೊಸ ವೈರಿಂಗಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರತ್ತೆ. ಮಲ್ಟಿಮೀಟರಲ್ಲಿ ಯಾಕೆ ನೋಡಬಾರದು? ಅದು ಓಮ್ ಅಳೆಯುವಾಗ ಕೊಡೋದು ಒಂದೆರಡು ವೋಲ್ಟ್. ತೇವ ಕೂತಿರೋ, ಮೊಳೆ ತಾಗಿ ಅರ್ಧ ಕತ್ತರಿಸಿದ ಹೊದಿಕೆ ಒಂದೆರಡು ವೋಲ್ಟಿಗೆ ಸುಮ್ನಿರತ್ತೆ. 230 ವೋಲ್ಟ್ ಎಸಿ ಅಂದ್ರೆ ಅದರ ಶಿಖರ 325 ವೋಲ್ಟ್. ಬಣ್ಣ ಬಯಲಾಗೋದು ಅಲ್ಲೇ.

ಇಲ್ಲಿ ಒಂದು ಎಚ್ಚರಿಕೆ. ಮೆಗ್ಗರ್ ಹಾಕೋ ಮುಂಚೆ ಮೇನ್ ಆಫ್ ಮಾಡಿ, ಸಪ್ಲೈ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಎಲ್ಇಡಿ ಡ್ರೈವರ್, ವೈಫೈ ರೂಟರ್, ಫ್ರಿಜ್, ಇನ್ವರ್ಟರ್, ಸರ್ಜ್ ಪ್ರೊಟೆಕ್ಟರ್ ಎಲ್ಲಾ ಬಿಚ್ಚಿ. ಇಲ್ಲಾಂದ್ರೆ ರೀಡಿಂಗೂ ತಪ್ಪು, ಸಾಮಾನೂ ಹಾಳು.

ಮೂರನೇದು ಲೂಪ್ ಇಂಪೀಡೆನ್ಸ್. ಫಾಲ್ಟ್ ಆದ್ರೆ ಎಂಸಿಬಿ ಬೀಳುವಷ್ಟು ಕರೆಂಟ್ ಹರಿಯೋಕೆ ದಾರಿ ಇದೆಯಾ ಅನ್ನೋ ಪ್ರಶ್ನೆ. ಸಿ ಕರ್ವಿನ 16 ಆಂಪ್ ಎಂಸಿಬಿ ತಕ್ಷಣ ಬೀಳಲೇಬೇಕು ಅಂದ್ರೆ ಹತ್ತು ಪಟ್ಟು, ಅಂದ್ರೆ 160 ಆಂಪ್ ಬೇಕು. 230 ಭಾಗಿಸು 160, ಸುಮಾರು 1.4 ಓಮ್. ನಿಮ್ಮ ಮನೆಯ ಅರ್ಥಿಂಗ್ ಬರೀ ಅಂಗಳದ ಗುಂಡಿ ಒಂದನ್ನೇ ನಂಬಿಕೊಂಡಿದ್ರೆ ಇಷ್ಟು ಕಮ್ಮಿ ಸಿಗೋದು ಕಷ್ಟ. 5 ಓಮ್ ಅರ್ಥ್ ಚೆನ್ನಾಗಿದೆ ಅಂತ ಹೇಳ್ತೀವಿ, ಆದ್ರೆ ಅದರಲ್ಲಿ ಹರಿಯೋದು 46 ಆಂಪ್ ಮಾತ್ರ. ಎಂಸಿಬಿ ಬಿಸಿಯಾಗಿ ಬೀಳೋಕೆ ಸೆಕೆಂಡುಗಟ್ಟಲೆ ಬೇಕಾಗಬಹುದು. ಅದಕ್ಕೇ ಇಂಥ ಮನೆಗಳಿಗೆ ಆರ್‌ಸಿಸಿಬಿ ಅನ್ನೋದು ಅನುಕೂಲಕ್ಕೆ ಹಾಕೋ ವಸ್ತು ಅಲ್ಲ, ಜೀವ ಉಳಿಸೋ ವಸ್ತು.

ನಾಲ್ಕನೇದು ಆ ಆರ್‌ಸಿಸಿಬಿಯ ಟೆಸ್ಟ್. ಅದರ ಮೇಲೆ ‘ಟಿ’ ಅಂತ ಒಂದು ಬಟನ್ ಇರತ್ತೆ. ಅದನ್ನ ಒತ್ತಿದಾಗ ಒಳಗಿನ ಯಂತ್ರ ಕೆಲಸ ಮಾಡತ್ತಾ ಅಂತ ಮಾತ್ರ ಗೊತ್ತಾಗತ್ತೆ. ಎಷ್ಟು ಮಿಲಿಆಂಪಿಗೆ ಬೀಳತ್ತೆ, ಎಷ್ಟು ಹೊತ್ತಲ್ಲಿ ಬೀಳತ್ತೆ ಅನ್ನೋದು ಗೊತ್ತಾಗಲ್ಲ. ಸಾಕೆಟ್ಟಿಗೆ ಅರ್ಥ್ ಬಂದಿದೆಯಾ ಅನ್ನೋದಂತೂ ಗೊತ್ತಾಗೋದೇ ಇಲ್ಲ. ಆರ್‌ಸಿಸಿಬಿ ಟೆಸ್ಟರಲ್ಲಿ ನೋಡಿದ್ರೆ, ಮಾಮೂಲಿ 30 ಮಿಲಿಆಂಪಿನ ಆರ್‌ಸಿಸಿಬಿ 15 ಮಿಲಿಆಂಪಿಗೆ ಬೀಳಬಾರದು, 30ಕ್ಕೆ 300 ಮಿಲಿಸೆಕೆಂಡ್ ಒಳಗೆ ಬೀಳಬೇಕು, 150ಕ್ಕೆ 40 ಮಿಲಿಸೆಕೆಂಡ್ ಒಳಗೆ ಬೀಳಬೇಕು.

ಐದನೇದು ಅರ್ಥ್ ರೆಸಿಸ್ಟೆನ್ಸ್, ಅಂದ್ರೆ ಗುಂಡಿಯಲ್ಲಿರೋ ಎಲೆಕ್ಟ್ರೋಡ್ ಮಣ್ಣಿನ ಜೊತೆ ಎಷ್ಟು ಚೆನ್ನಾಗಿ ಬೆರೆತಿದೆ ಅನ್ನೋದು. ಇದಕ್ಕೆ ದೂರದಲ್ಲಿ ಎರಡು ಗೂಟ ನೆಟ್ಟು ಅಳೆಯೋ ಮೀಟರ್ ಇದೆ. ಕ್ಲ್ಯಾಂಪ್ ಥರದ ಅರ್ಥ್ ಟೆಸ್ಟರೂ ಬರತ್ತೆ, ನೋಡೋಕೆ ಸುಲಭ. ಆದ್ರೆ ಒಂದೇ ಗುಂಡಿ ಇದ್ದು, ಕರೆಂಟ್ ಸುತ್ತಿ ಬರೋಕೆ ಬೇರೆ ದಾರಿ ಇಲ್ಲದ ಕಡೆ ಅದು ಕೆಲಸಕ್ಕೆ ಬರಲ್ಲ. ಇನ್ನೊಂದು ಮಾತು: ಜುಲೈ ಮಳೆಯಲ್ಲಿ ಅಳೆದ ಅರ್ಥಿಂಗ್ ನಿಮಗೆ ಸುಳ್ಳು ಸಮಾಧಾನ ಕೊಡತ್ತೆ. ಮಣ್ಣು ಒಣಗಿರೋ ಏಪ್ರಿಲಲ್ಲೂ ಒಮ್ಮೆ ಅಳೆದು ನೋಡಿ.

ಕೊಳ್ಳುವಾಗ ಏನು ನೋಡಬೇಕು

ಈಗ ಅಂಗಡಿಗೆ ಹೋಗೋಣ. ಮೊದಲು ನೋಡಬೇಕಾದ್ದು ಮೀಟರ್ ಮೇಲೆ ಬರೆದಿರೋ ‘ಕ್ಯಾಟ್’ ನಂಬರ್. ಕ್ಯಾಟ್ 2 ಅಂದ್ರೆ ಸಾಕೆಟ್ಟಿಗೆ ಚುಚ್ಚೋ ಉಪಕರಣಗಳ ಮಟ್ಟ. ಕ್ಯಾಟ್ 3 ಅಂದ್ರೆ ಮನೆಯ ಡಿಬಿ, ಫಿಕ್ಸ್ಡ್ ವೈರಿಂಗ್. ಕ್ಯಾಟ್ 4 ಅಂದ್ರೆ ಕಂಬದಿಂದ ಬರೋ ಸರ್ವಿಸ್ ವೈರ್, ಮೀಟರ್ ಬೋರ್ಡ್. ಲೈನಲ್ಲಿ ಸಿಡಿಲಿಂದಾನೋ ಸ್ವಿಚಿಂಗಿಂದಾನೋ ಕ್ಷಣಮಾತ್ರ ಸಾವಿರಾರು ವೋಲ್ಟ್ ಬಂದು ಹೋಗತ್ತೆ. ಕ್ಯಾಟ್ 2, 600 ವೋಲ್ಟ್ ಮೀಟರನ್ನ 4000 ವೋಲ್ಟ್ ಹೊಡೆತಕ್ಕೆ ಪರೀಕ್ಷೆ ಮಾಡಿರ್ತಾರೆ. ಕ್ಯಾಟ್ 3, 600 ವೋಲ್ಟ್ ಮೀಟರನ್ನ 6000ಕ್ಕೆ. ಡಿಬಿಯಲ್ಲಿ ಕೆಲಸ ಮಾಡೋರಿಗೆ ಕ್ಯಾಟ್ 3 ಕನಿಷ್ಠ. ಮೀಟರಿನ ಜೊತೆ ಬರೋ ವೈರಿಗೂ ಅದೇ ರೇಟಿಂಗ್ ಇರಬೇಕು. ಮೀಟರ್ ಕ್ಯಾಟ್ 3 ಇದ್ದು, ವೈರು ಸಿಕ್ಕಿದ್ದು ಹಾಕಿದ್ರೆ, ನಿಮ್ಮ ರಕ್ಷಣೆ ಆ ವೈರಿನಷ್ಟೇ.

ಪ್ಲಾಸ್ಟಿಕ್ ಮೇಲೆ ಕ್ಯಾಟ್ 3 ಅಂತ ಯಾರು ಬೇಕಾದ್ರೂ ಅಚ್ಚು ಹಾಕಬಹುದು. ಆದ್ದರಿಂದ ಹೊರಗಿನ ಪರೀಕ್ಷಾ ಸಂಸ್ಥೆಯ ಗುರುತು, ಅಂದ್ರೆ ಯುಎಲ್, ಸಿಎಸ್‌ಎ, ಟಿಯುವಿ, ವಿಡಿಇ ಥರದ್ದು, ಇದೆಯಾ ನೋಡಿ. ಹಿಂದಿನ ಮುಚ್ಚಳ ತೆಗೆದು ಫ್ಯೂಸ್ ನೋಡಿ. ಪುಟಾಣಿ ಗಾಜಿನ ಫ್ಯೂಸ್ ಇದ್ರೆ, ಅಥವಾ 10 ಆಂಪ್ ಸಾಕೆಟ್ಟಿಗೆ ಫ್ಯೂಸೇ ಇಲ್ಲದಿದ್ರೆ, ಆ ಮೀಟರ್ ಬ್ಯಾಟರಿ ಚೆಕ್ ಮಾಡೋಕೆ ಇಟ್ಕೊಳ್ಳಿ, ಡಿಬಿ ಹತ್ತಿರ ತರಬೇಡಿ.

ಎರಡನೇದು, ನಿಖರತೆ ಹೇಗೆ ಬರೆದಿದಾರೆ ನೋಡಿ. ‘ಪ್ಲಸ್ ಆರ್ ಮೈನಸ್ 2 ಪರ್ಸೆಂಟ್, ಜೊತೆಗೆ 5 ಡಿಜಿಟ್’ ಅಂತ ಇರತ್ತೆ. ನಾವು ಪರ್ಸೆಂಟ್ ನೋಡಿ ಸುಮ್ನಾಗ್ತೀವಿ, ಆದ್ರೆ ಸಣ್ಣ ಅಳತೆಯಲ್ಲಿ ಆಟ ಎಲ್ಲಾ ಡಿಜಿಟ್ಟಿಂದು. ಮೀಟರಿನ ಕೊನೇ ಅಂಕಿ 0.01 ಓಮ್ ಅಂದುಕೊಳ್ಳಿ, ಐದು ಡಿಜಿಟ್ ಅಂದ್ರೆ 0.05 ಓಮ್. ಮೀಟರ್ 0.15 ತೋರಿಸಿದ್ರೆ ನಿಜವಾದ ಬೆಲೆ 0.10ರಿಂದ 0.20ರ ನಡುವೆ ಎಲ್ಲಾದ್ರೂ ಇರಬಹುದು. ಎರಡು ಪರ್ಸೆಂಟ್ ಅಂತ ತಂದ ಮೀಟರ್ ಇಲ್ಲಿ ಮೂವತ್ತು ಪರ್ಸೆಂಟಿಗಿಂತ ಜಾಸ್ತಿ ಆಚೆ ಈಚೆ ಆಗಬಹುದು. ಸಾಲದ್ದಕ್ಕೆ ಟೆಸ್ಟ್ ವೈರಿನದ್ದೇ ಒಂದಿಷ್ಟು ಓಮ್ ಇರತ್ತೆ. ಎರಡೂ ತುದಿ ಜೋಡಿಸಿ ಅದನ್ನ ಕಳೆಯೋ ‘ನಲ್’ ಬಟನ್ ಇರೋ ಮೀಟರ್ ತಗೊಳ್ಳಿ.

ಇದೇ ಕಾರಣಕ್ಕೆ ಅಂಚಿನ ಮೇಲಿನ ರೀಡಿಂಗ್ ನಂಬಬಾರದು. ಬಳಕೆಯ ಎಲ್ಲಾ ಏರುಪೇರು ಸೇರಿ 30 ಪರ್ಸೆಂಟ್ ವರೆಗೆ ವ್ಯತ್ಯಾಸಕ್ಕೆ ಐಇಸಿ 61557 ಇನ್ಸುಲೇಶನ್ ಮೀಟರಿಗೆ ಅವಕಾಶ ಕೊಡತ್ತೆ. ಹೀಗಿರುವಾಗ ‘1 ಮೆಗಾಓಮ್ ಬೇಕಿತ್ತು, 1.1 ಬಂದಿದೆ, ಪಾಸ್’ ಅಂತ ಹೇಗೆ ಬರೀತೀರಿ? ಕಾರಣ ಹುಡುಕಬೇಕು.

ಮೂರನೇದು, ಇನ್ಸುಲೇಶನ್ ಟೆಸ್ಟರ್ ಲೋಡ್ ಬಿದ್ದಾಗಲೂ 500 ವೋಲ್ಟ್ ಹಿಡಿದುಕೊಳ್ಳತ್ತಾ ನೋಡಿ. ಕನಿಷ್ಠ 1 ಮಿಲಿಆಂಪ್ ಕೊಡುವಾಗಲೂ 500 ವೋಲ್ಟ್ ಕುಸೀಬಾರದು. ಕಡಿಮೆ ಬೆಲೆಯ ಕೆಲವು ಮೀಟರುಗಳು ಏನೂ ಜೋಡಿಸದೇ ಇದ್ದಾಗ ಮಾತ್ರ 500 ತೋರಿಸ್ತವೆ. ಬ್ಯಾಟರಿ ಕುಗ್ಗಿದಾಗಲೂ ಇದೇ ಕಥೆ.

ನಾಲ್ಕನೇದು, ಲೂಪ್ ಟೆಸ್ಟಲ್ಲಿ ‘ನೋ ಟ್ರಿಪ್’ ಅನ್ನೋ ಮೋಡ್. ಜಾಸ್ತಿ ಕರೆಂಟ್ ಹರಿಸಿ ಅಳೆದ್ರೆ ಆರ್‌ಸಿಸಿಬಿ ಬಿದ್ದುಹೋಗತ್ತೆ. ಅದಕ್ಕೆ ಈ ಮೋಡಲ್ಲಿ ಸಣ್ಣ ಕರೆಂಟಲ್ಲಿ ಅಳೀತಾರೆ. ಅನುಕೂಲ ಹೌದು, ಆದ್ರೆ ರೀಡಿಂಗ್ ಸ್ವಲ್ಪ ಕುಣಿಯತ್ತೆ. ಎರಡು ಮೂರು ಸಲ ತಗೊಂಡು ನೋಡಿ.

ಎಲ್ಲಾ ಒಟ್ಟಿಗೆ ಕೊಳ್ಳೋಕೆ ದುಡ್ಡಿಲ್ಲ ಅಂದ್ರೆ? ಮೊದಲು ಒಳ್ಳೇ ಕ್ಯಾಟ್ 3 ಮಲ್ಟಿಮೀಟರ್. ಆಮೇಲೆ ಇನ್ಸುಲೇಶನ್ ಮತ್ತು 200 ಮಿಲಿಆಂಪ್ ಕಂಟಿನ್ಯೂಟಿ ಎರಡೂ ಇರೋ ಟೆಸ್ಟರ್. ಮೂರನೇದು ಆರ್‌ಸಿಸಿಬಿ ಮತ್ತು ಲೂಪ್ ಟೆಸ್ಟರ್. ಮೂರ್ನಾಲ್ಕು ಜನ ಗೆಳೆಯರು ಸೇರಿ ಒಂದು ಮಲ್ಟಿಫಂಕ್ಷನ್ ಟೆಸ್ಟರ್ ತಗೊಂಡ್ರೂ ಆಗತ್ತೆ. ಆದ್ರೆ ಅದರ ಲೆಕ್ಕ ಯಾರು ಬರೀತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಹಾಗೇ ಆ ಮೀಟರಿಗೆ ಇಲ್ಲಿ ಸರ್ವಿಸ್ ಸಿಗತ್ತಾ, ಬಿಡಿ ವೈರ್ ಸಿಗತ್ತಾ ಅಂತ ಕೊಳ್ಳೋ ಮುಂಚೆನೇ ಕೇಳಿ.

ಕ್ಯಾಲಿಬ್ರೇಶನ್ ಅಂದ್ರೆ ರಿಪೇರಿ ಅಲ್ಲ

ಸರಿ, ಒಳ್ಳೇ ಮೀಟರ್ ತಂದ್ರಿ. ಆರು ತಿಂಗಳಾಯ್ತು. ಎರಡು ಸಲ ಏಣಿ ಮೇಲಿಂದ ಬಿತ್ತು, ಬೈಕಿನ ಬಾಕ್ಸಲ್ಲಿ ಬಿಸಿಲಿಗೆ ಬೆಂದಿತು, ಮಳೆಯಲ್ಲಿ ನೆನೆಯಿತು. ಡಿಸ್‌ಪ್ಲೇ ಮಾತ್ರ ಮೊದಲ ದಿನದಷ್ಟೇ ಸ್ಪಷ್ಟವಾಗಿ ಸಂಖ್ಯೆ ತೋರಿಸ್ತಾ ಇದೆ. ಕೆಟ್ಟು ನಿಂತ ಮೀಟರಿಂದ ಅಪಾಯ ಕಮ್ಮಿ, ಯಾಕಂದ್ರೆ ಅದನ್ನ ಯಾರೂ ನಂಬಲ್ಲ. ತಪ್ಪು ತೋರಿಸ್ತಾ ಓಡ್ತಾ ಇರೋ ಮೀಟರನ್ನ ಎಲ್ಲರೂ ನಂಬ್ತಾರೆ.

ಇಲ್ಲಿ ಬರೋದೇ ಕ್ಯಾಲಿಬ್ರೇಶನ್. ತುಂಬಾ ಜನ ಇದನ್ನ ಮೀಟರ್ ಸರಿಮಾಡಿಸೋದು ಅಂದುಕೊಂಡಿದಾರೆ. ಹಾಗಲ್ಲ. ಕ್ಯಾಲಿಬ್ರೇಶನ್ ಅಂದ್ರೆ ಹೋಲಿಕೆ. ಲ್ಯಾಬಲ್ಲಿ ಬೆಲೆ ಗೊತ್ತಿರೋ ಒಂದು ಸ್ಟ್ಯಾಂಡರ್ಡ್ ಇಟ್ಟು, ನಿಮ್ಮ ಮೀಟರ್ ಎಷ್ಟು ತೋರಿಸತ್ತೆ, ಎಷ್ಟು ವ್ಯತ್ಯಾಸ, ಆ ಅಳತೆಯಲ್ಲಿ ಎಷ್ಟು ಅನಿಶ್ಚಿತತೆ ಅಂತ ಬರೆದುಕೊಡೋದು. ಸ್ಕ್ರೂ ತಿರುಗಿಸಿ, ಸಾಫ್ಟ್‌ವೇರ್ ಬದಲಾಯಿಸಿ ಸರಿಮಾಡೋದು ಅಡ್ಜಸ್ಟ್‌ಮೆಂಟ್. ಅದು ಬೇರೆ ಕೆಲಸ.

ಆ ಲ್ಯಾಬಿನ ಸ್ಟ್ಯಾಂಡರ್ಡ್ ಸರಿ ಇದೆ ಅಂತ ಹೇಗೆ ಗೊತ್ತು? ಅದನ್ನ ಇನ್ನೂ ಮೇಲಿನ ಲ್ಯಾಬಲ್ಲಿ ಹೋಲಿಸಿರ್ತಾರೆ. ಹೀಗೆ ಮೇಲೆ ಹತ್ತುತ್ತಾ ಹೋದ್ರೆ ನಮ್ಮ ದೇಶದಲ್ಲಿ ಈ ಸರಪಳಿ ಸೇರೋದು ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಗೆ. 2019ರ ಮೇ 20ರಿಂದ ಜಗತ್ತಿನ ಅಳತೆಯ ಮೂಲಮಾನಗಳನ್ನೆಲ್ಲ ಪ್ರಕೃತಿಯ ಬದಲಾಗದ ಸಂಖ್ಯೆಗಳಿಗೆ ಕಟ್ಟಿದಾರೆ. ಆಂಪಿಯರನ್ನ ಎಲೆಕ್ಟ್ರಾನಿನ ವಿದ್ಯುದಂಶದ ಪ್ರಮಾಣಕ್ಕೆ ಕಟ್ಟಿದ್ದೂ ಆಗಲೇ. ನಿಮ್ಮ ಟೂಲ್ ಬ್ಯಾಗಿನ ಮೀಟರ್ ಹೇಳೋ ಒಂದು ಓಮ್ ಅಲ್ಲಿಗೆ ಕೊಂಡಿ ಕೊಂಡಿಯಾಗಿ ತಲುಪಬೇಕು. ಇದಕ್ಕೆ ಟ್ರೇಸಬಿಲಿಟಿ ಅಂತಾರೆ.

ನಮ್ಮಲ್ಲಿ ಕ್ಯಾಲಿಬ್ರೇಶನ್ ಲ್ಯಾಬುಗಳಿಗೆ ಮಾನ್ಯತೆ ಕೊಡೋದು ಎನ್‌ಎಬಿಎಲ್. ಲ್ಯಾಬ್ ಪಾಲಿಸಬೇಕಾದ ಮಾನದಂಡ ಐಎಸ್ಒ 17025. ಎನ್‌ಎಬಿಎಲ್ ಮುದ್ರೆ ಇದೆ ಅಂತ ಅಷ್ಟಕ್ಕೇ ಸುಮ್ಮನಾಗಬೇಡಿ, ಸ್ಕೋಪ್ ಕೇಳಿ. ಅಂದ್ರೆ ಆ ಲ್ಯಾಬಿಗೆ ಯಾವ ಯಾವ ಅಳತೆಗೆ, ಎಷ್ಟರಿಂದ ಎಷ್ಟರ ತನಕ ಮಾನ್ಯತೆ ಇದೆ ಅನ್ನೋ ಪಟ್ಟಿ. ವೋಲ್ಟೇಜಿಗೆ ಮಾನ್ಯತೆ ಇರೋ ಲ್ಯಾಬಿಗೆ ಆರ್‌ಸಿಸಿಬಿ ಟ್ರಿಪ್ ಟೈಮಿಗೆ ಇಲ್ಲದೇ ಇರಬಹುದು. ಈ ಪಟ್ಟಿ ಎನ್‌ಎಬಿಎಲ್ ವೆಬ್‌ಸೈಟಲ್ಲಿ ಫೋನಲ್ಲೇ ನೋಡಬಹುದು.

ಸರ್ಟಿಫಿಕೇಟ್ ಓದೋದು ಹೇಗೆ

ಸರ್ಟಿಫಿಕೇಟ್ ಬಂದ ತಕ್ಷಣ ಫೈಲಿಗೆ ಹಾಕಬೇಡಿ, ಓದಿ. ಸೀರಿಯಲ್ ನಂಬರ್ ನಿಮ್ಮ ಮೀಟರಿಂದೇನಾ? ನೀವು ಬಳಸೋ ರೇಂಜಲ್ಲಿ ನೋಡಿದಾರಾ? 0.5 ಓಮ್, 1 ಮೆಗಾಓಮ್ ನಮಗೆ ಬೇಕಾದ ಜಾಗಗಳು. ಬರೀ 100 ಓಮ್, 100 ಮೆಗಾಓಮಲ್ಲಿ ನೋಡಿದ್ರೆ ನಮಗೆ ಏನು ಉಪಯೋಗ? ಪ್ರತಿ ಸಾಲಿನ ಎದುರು ಅನಿಶ್ಚಿತತೆ ಬರೆದಿದಾರಾ? ಬರೀ ‘ಪಾಸ್’ ಅಂತ ಇದ್ರೆ ಅದರಿಂದ ನಿಮಗೆ ತಿಳಿಯೋದು ಕಮ್ಮಿ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೀಟರ್ ಮೇಲೆ ‘ಮುಂದಿನ ಕ್ಯಾಲಿಬ್ರೇಶನ್ ಇಂಥ ದಿನ’ ಅಂತ ಸ್ಟಿಕ್ಕರ್ ಇರತ್ತಲ್ಲ, ಆ ದಿನ ತೀರ್ಮಾನ ಮಾಡಬೇಕಾದ್ದು ನೀವು, ಲ್ಯಾಬ್ ಅಲ್ಲ. ಗಿರಾಕಿ ಒಪ್ಪಿ ಕೇಳಿದ ಹೊರತು ಲ್ಯಾಬ್ ಆ ಅವಧಿಯನ್ನ ಶಿಫಾರಸು ಮಾಡಬಾರದು ಅಂತಲೇ ಐಎಸ್ಒ 17025ರಲ್ಲಿದೆ. ಯಾಕೆ? ಲ್ಯಾಬಿನ ಬಾಗಿಲು ದಾಟಿದ ಮೇಲೆ ನಿಮ್ಮ ಮೀಟರ್ ಏಣಿಯಿಂದ ಬೀಳತ್ತೋ ಇಲ್ಲವೋ ಅವರಿಗೆ ಹೇಗೆ ಗೊತ್ತಾಗಬೇಕು?

ಇವತ್ತು ನೀವು ಒಂದೇ ಒಂದು ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಮುಂದಿನ ವರ್ಷಕ್ಕೆ ಗ್ಯಾರಂಟಿ ಅಲ್ಲ. ಅದು ಹಿಂದಿನ ವರ್ಷದ ಮೇಲೆ ಕೊಡೋ ತೀರ್ಪು.

ಬಿಡಿಸಿ ಹೇಳ್ತೀನಿ. ಈ ಜನವರಿಯಲ್ಲಿ ಮೀಟರ್ ಸರಿ ಇತ್ತು ಅಂತಿಟ್ಕೊಳ್ಳಿ. ಮುಂದಿನ ಜನವರಿ ಲ್ಯಾಬಿಗೆ ಕೊಟ್ರಿ. ಅವರು 1 ಮೆಗಾಓಮ್ ಇಟ್ರೆ ನಿಮ್ಮ ಮೀಟರ್ 1.6 ಅಂತ ತೋರಿಸ್ತು. ಅಂದ್ರೆ ಕೆಟ್ಟ ಇನ್ಸುಲೇಶನನ್ನ ಒಳ್ಳೇದು ಅಂತ ಹೇಳ್ತಾ ಇತ್ತು. ಯಾವಾಗಿಂದ? ಫೆಬ್ರವರಿಯಿಂದಾನಾ, ಡಿಸೆಂಬರಿಂದಾನಾ? ಗೊತ್ತಿಲ್ಲ. ಆ ವರ್ಷ ನೀವು 40 ಮನೆ ಟೆಸ್ಟ್ ಮಾಡಿದ್ರೆ, 40 ಮನೆಯ ರೀಡಿಂಗೂ ಅನುಮಾನಕ್ಕೆ ಬಂತು. ಅಷ್ಟೂ ಮನೆಯಲ್ಲಿ ಜನ ವಾಸ ಇದಾರೆ. ಅಷ್ಟೂ ಕಾಗದದ ಮೇಲೆ ಸಹಿ ಬಿದ್ದಿದೆ. ಹೊಸ ಕನೆಕ್ಷನ್‌ಗೆ ಎಸ್ಕಾಂಗೆ ಕೊಡೋ ವೈರಿಂಗ್ ಟೆಸ್ಟ್ ರಿಪೋರ್ಟಿಗೆ ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಸಹಿ ಹಾಕ್ತಾರೆ. ಆ ಸಹಿ ನಿಂತಿರೋದು ನಿಮ್ಮ ಮೀಟರ್ ಮೇಲೆ.

ಆದ್ದರಿಂದ ಲ್ಯಾಬಿಗೆ ಕೊಡುವಾಗ ಒಂದು ಮಾತು ಹೇಳಿ: ‘ಅಡ್ಜಸ್ಟ್ ಮಾಡೋ ಮುಂಚೆ, ಬಂದ ಸ್ಥಿತಿಯಲ್ಲೇ ರೀಡಿಂಗ್ ತಗೊಂಡು ಬರೆದುಕೊಡಿ’. ಇದಕ್ಕೆ ‘ಆಸ್ ಫೌಂಡ್’ ರೀಡಿಂಗ್ ಅಂತಾರೆ. ಇದನ್ನ ಬರೆಯದೇ ನೇರ ಸರಿಮಾಡಿ ಕೊಟ್ರೆ, ಮೀಟರ್ ಹೊಳೀತಾ ವಾಪಸ್ ಬರತ್ತೆ, ಆದ್ರೆ ಹಿಂದಿನ ವರ್ಷದ ಸತ್ಯ ಅಳಿಸಿಹೋಗಿರತ್ತೆ.

ಕಮ್ಮಿ ಖರ್ಚಿನ ಚೆಕ್ ಬಾಕ್ಸ್

ಈ ಅನುಮಾನದ ಅವಧಿಯನ್ನ ಒಂದು ವರ್ಷದಿಂದ ಒಂದು ವಾರಕ್ಕೆ ಇಳಿಸೋಕೆ ದಾರಿ ಇದೆ. ದೊಡ್ಡ ಖರ್ಚಿಲ್ಲ. ಬೆಂಗಳೂರಿನ ಎಸ್.ಪಿ. ರೋಡಲ್ಲೋ, ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ 1 ಪರ್ಸೆಂಟ್ ರೆಸಿಸ್ಟರ್ ಸಿಗತ್ತೆ. 1 ಓಮಿನದ್ದು ಒಂದು ತಗೊಳ್ಳಿ, ಕಂಟಿನ್ಯೂಟಿಗೆ. 270 ಕಿಲೋಓಮಿನದ್ದು ನಾಲ್ಕು ತಗೊಂಡು ಸಾಲಾಗಿ ಬೆಸುಗೆ ಹಾಕಿ, ಒಟ್ಟು 1.08 ಮೆಗಾಓಮ್. ನಮಗೆ ಬೇಕಾದ ಅಂಚು ಅದೇ.

ಒಂದೇ ರೆಸಿಸ್ಟರ್ ಯಾಕಲ್ಲ, ನಾಲ್ಕು ಯಾಕೆ? ಮೆಗ್ಗರ್ ಕೊಡೋದು 500 ವೋಲ್ಟ್. ಮಾಮೂಲಿ ಕಾಲು ವಾಟ್ ರೆಸಿಸ್ಟರ್ ಸಾಮಾನ್ಯವಾಗಿ 250 ವೋಲ್ಟಿಗೆ ಮಾಡಿದ್ದು. ನಾಲ್ಕು ಹಂಚಿಕೊಂಡ್ರೆ ಒಂದೊಂದಕ್ಕೆ 125 ವೋಲ್ಟ್ ಬೀಳತ್ತೆ, ಆರಾಮಾಗಿ ತಡೀತವೆ. ಇವನ್ನೆಲ್ಲ ಒಂದು ಪಿವಿಸಿ ಜಂಕ್ಷನ್ ಬಾಕ್ಸಲ್ಲಿ ಕೂರಿಸಿ, ಟರ್ಮಿನಲ್ ಹೊರಗೆ ತನ್ನಿ. 500 ವೋಲ್ಟ್ ಕೊಡುವಾಗ ಬರಿಗೈಯಲ್ಲಿ ತುದಿ ಹಿಡಿಯಬೇಡಿ.

ಮೀಟರ್ ಲ್ಯಾಬಿಂದ ಸರಿಯಾಗಿ ವಾಪಸ್ ಬಂದ ದಿನವೇ ಈ ಬಾಕ್ಸನ್ನ ಅಳೆದು ಬರೆದಿಟ್ಕೊಳ್ಳಿ. ಅದು ನಿಮ್ಮ ಮೊದಲ ಸಾಲು. ಆಮೇಲೆ ಪ್ರತಿ ಸೋಮವಾರ, ಅದೇ ಬಾಕ್ಸ್, ಅದೇ ವೈರ್, ಅದೇ ಜಾಗ. ಡಿಸ್‌ಪ್ಲೇದು ಫೋಟೋ ತೆಗೆದು ಫೋನಲ್ಲಿ ಒಂದು ಫೋಲ್ಡರಿಗೆ ಹಾಕಿ, ದಿನಾಂಕ ತಾನಾಗೇ ಬರತ್ತೆ. ಮೀಟರ್ ಬಿದ್ರೆ ಸೋಮವಾರ ಕಾಯಬೇಡಿ, ಅವತ್ತೇ ನೋಡಿ. ಒಂದು ವಾರ 1.08, ಮುಂದಿನ ವಾರ 1.09, ಪರವಾಗಿಲ್ಲ. 1.3 ಬಂತಾ? ಬ್ಯಾಟರಿ ನೋಡಿ, ವೈರ್ ಬದಲಾಯಿಸಿ ನೋಡಿ. ಆಗಲೂ ಅದೇ ಬಂದ್ರೆ ಮೀಟರ್ ಲ್ಯಾಬಿಗೆ ಕಳಿಸಿ. ಮತ್ತೆ ಟೆಸ್ಟ್ ಮಾಡಬೇಕಾದ್ದು ಆ ಒಂದು ವಾರದ ಮನೆಗಳನ್ನ ಮಾತ್ರ.

ಈ ಬಾಕ್ಸ್ ಲ್ಯಾಬಿಗೆ ಬದಲಿ ಅಲ್ಲ, ಅದು ನೆನಪಿರಲಿ. ನಿಮ್ಮ ಮೀಟರ್ ಬದಲಾಗಿದೆಯಾ ಅನ್ನೋದನ್ನಷ್ಟೇ ಅದು ಹೇಳತ್ತೆ. ಆರ್‌ಸಿಸಿಬಿ ಟ್ರಿಪ್ ಟೈಮ್ ಥರದ ಅಳತೆಗಳನ್ನ ಮನೆಯಲ್ಲಿ ಪರೀಕ್ಷೆ ಮಾಡೋಕೆ ಆಗಲ್ಲ, ಅದಕ್ಕೆ ಲ್ಯಾಬೇ ಗತಿ.

ಇನ್ನೊಂದು ಚೆಕ್ ದಿನಕ್ಕೆ ಹತ್ತು ಸಲ ಮಾಡಬೇಕಾದ್ದು. ಲೈನ್ ಆಫ್ ಆಗಿದೆಯಾ ಅಂತ ನೋಡೋ ಮುಂಚೆ, ಸಪ್ಲೈ ಇರೋ ಒಂದು ಪಾಯಿಂಟಲ್ಲಿ ಮೀಟರ್ ಇಟ್ಟು ಅದು ತೋರಿಸತ್ತಾ ನೋಡಿ. ಆಮೇಲೆ ಕೆಲಸದ ಜಾಗದಲ್ಲಿ ನೋಡಿ. ಮತ್ತೆ ಸಪ್ಲೈ ಇರೋ ಪಾಯಿಂಟಲ್ಲಿ ನೋಡಿ. ಮಧ್ಯದಲ್ಲಿ ‘ಸೊನ್ನೆ’ ಬಂದದ್ದು ಲೈನ್ ಸತ್ತಿದ್ದಕ್ಕೋ, ಮೀಟರ್ ಸತ್ತಿದ್ದಕ್ಕೋ ಅಂತ ಆಗ ಮಾತ್ರ ಗೊತ್ತಾಗತ್ತೆ. ಇದಕ್ಕೆ ಬರೀ ನಿಯಾನ್ ಟೆಸ್ಟರ್ ನಂಬಬೇಡಿ. ಬಿಸಿಲಲ್ಲಿ ಅದು ಉರಿದ್ರೂ ಕಾಣಲ್ಲ, ಒಣ ಮರದ ಏಣಿ ಮೇಲೆ ನಿಂತಿದ್ರೆ ಉರಿಯೋದೂ ಕಷ್ಟ.

ಮನೆಯವರಿಗೆ ಒಂದು ಮಾತು

‘ಇಷ್ಟೆಲ್ಲಾ ಮಾಡಿದ್ರೆ ಅದಕ್ಕೆ ದುಡ್ಡು ಯಾರು ಕೊಡ್ತಾರೆ?’ ಅಂತ ವೈರಿಂಗ್ ಹುಡುಗರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಮನೆಯವರು ಟೈಲ್ಸ್ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತುತಾರೆ, ಗೋಡೆ ಒಳಗಿನ ವೈರಿಗೆ ಒಂದು ಕಾಗದ ಕೇಳಲ್ಲ. ಇನ್ಮೇಲೆ ಕೇಳಿ. ಬಿಲ್ ಕೊಡುವಾಗ ನಾಲ್ಕು ವಿಷಯ ಬರೆಸಿಕೊಳ್ಳಿ: ಪ್ರತಿ ಸರ್ಕ್ಯೂಟಿನ ಇನ್ಸುಲೇಶನ್ ಎಷ್ಟು ಮೆಗಾಓಮ್, ಗೀಸರ್ ಸಾಕೆಟ್ ತನಕ ಅರ್ಥ್ ವೈರ್ ಎಷ್ಟು ಓಮ್, ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಲ್ಲಿ ಬಿತ್ತು, ಗುಂಡಿಯ ಅರ್ಥ್ ಎಷ್ಟು ಓಮ್. ಪಕ್ಕದಲ್ಲಿ ಮೀಟರಿನ ಸೀರಿಯಲ್ ನಂಬರ್, ಕ್ಯಾಲಿಬ್ರೇಶನ್ ದಿನಾಂಕ ಇರಲಿ. ಈ ಕೆಲಸಕ್ಕೆ ಅರ್ಧ ದಿನದ ಕೂಲಿ ಜಾಸ್ತಿ ಕೇಳಿದ್ರೆ ಕೊಡಿ.

ವೈರಿಂಗ್ ಕೆಲಸದವರೇ, ಅವರು ಕೇಳದಿದ್ರೂ ನೀವು ಬರೆದುಕೊಡಿ. ‘ಎಲ್ಲಾ ಸರಿ ಇದೆ ಸಾರ್’ ಅನ್ನೋ ಮಾತಿಗೂ, ‘ಗೀಸರ್ ಅರ್ಥ್ 0.17 ಓಮ್, ಆರ್‌ಸಿಸಿಬಿ 24 ಮಿಲಿಸೆಕೆಂಡ್’ ಅನ್ನೋ ಮಾತಿಗೂ ಇರೋ ವ್ಯತ್ಯಾಸ ಗಿರಾಕಿಗೆ ತಾನಾಗೇ ಗೊತ್ತಾಗತ್ತೆ. ಮುಂದಿನ ಕೆಲಸ ಹುಡುಕಿಕೊಂಡು ಬರೋದು ಆ ಕಾಗದ ನೋಡೇ.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಮೀಟರ್ ಹೊರಗೆ ತೆಗೀರಿ. ಕ್ಯಾಟ್ ನಂಬರ್ ನೋಡಿ, ಫ್ಯೂಸ್ ನೋಡಿ, ವೈರಿನ ತುದಿ ಸವೆದಿದೆಯಾ ನೋಡಿ, ಎಷ್ಟು ಓಮಿಗೆ ಬೀಪ್ ಮಾಡತ್ತೆ ಅಂತ ರೆಸಿಸ್ಟರ್ ಹಾಕಿ ನೋಡಿ. ಕೊನೇ ಸಲ ಅದನ್ನ ಯಾವಾಗ, ಯಾವುದರ ಜೊತೆ ಹೋಲಿಸಿದ್ರಿ ಅಂತ ಒಂದು ಚೀಟಿಯಲ್ಲಿ ಬರೆದು ಹಿಂದೆ ಅಂಟಿಸಿ. ಬರೆಯೋಕೆ ಏನೂ ಇಲ್ಲ ಅಂದ್ರೆ, ಸೋಮವಾರದ ಮೊದಲ ಕೆಲಸ ಏನು ಅಂತ ನಿಮಗೆ ಗೊತ್ತಾಯ್ತು.

ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಮಾತಾಡೋಣ. ಹುಷಾರಾಗಿ ಕೆಲಸ ಮಾಡಿ.